ಮಗುವಿನ ಬ್ಯಾಗಿನಲ್ಲಿ ಬಂದ ಆರೋಗ್ಯದ ಚೀಟಿ: ಏನಿದು, ಮುಂದೇನು?

ಶಾಲೆ ಶುರುವಾಗಿ ಸ್ವಲ್ಪ ದಿನವಾದ ಮೇಲೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಿಗೆ ಆರೋಗ್ಯ ಇಲಾಖೆಯ ಗಾಡಿ ಬರುತ್ತದೆ. ಡಾಕ್ಟರು, ನರ್ಸು ಇಳಿಯುತ್ತಾರೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ತೂಕ, ಎತ್ತರ, ಕಣ್ಣು, ಕಿವಿ, ಬಾಯಿ ನೋಡುತ್ತಾರೆ. ಸಂಜೆ ಕೆಲವು ಮಕ್ಕಳ ಬ್ಯಾಗಿನಲ್ಲಿ ಒಂದು ಚೀಟಿ ಮನೆಗೆ ಬರುತ್ತದೆ. 'ಹಲ್ಲು ಹುಳುಕು, ತಾಲ್ಲೂಕು ಆಸ್ಪತ್ರೆಗೆ ತೋರಿಸಿ' ಅಂತಲೋ, 'ರಕ್ತ ಕಮ್ಮಿ' ಅಂತಲೋ ಬರೆದಿರುತ್ತದೆ.

ನಮ್ಮ ಮನೆಗೂ ಬಂದಿತ್ತು. ಮಗಳು ಆಗ ಮೂರನೇ ಕ್ಲಾಸು. ಚೀಟಿಯಲ್ಲಿ ಎರಡು ವಿಷಯ ಇದ್ದವು: ಕೆಳಗಿನ ದವಡೆ ಹಲ್ಲು ಹುಳುಕು, ಮುಂದಿನ ಹಲ್ಲುಗಳಲ್ಲಿ ಕಂದು ಗೆರೆ. ಆ ಚೀಟಿ ಮೂರು ವಾರ ಬ್ಯಾಗಿನ ತಳದಲ್ಲೇ ಇತ್ತು. ಸಿಕ್ಕಿದ ಮೇಲೂ 'ಹಾಲು ಹಲ್ಲು ತಾನೆ, ಹೇಗೂ ಬೀಳುತ್ತೆ' ಅಂದುಕೊಂಡೆವು. ಅದು ಹಾಲು ಹಲ್ಲಲ್ಲ ಅಂತ ಆಮೇಲೆ ಗೊತ್ತಾಯಿತು. ಬೀದಿಯ ಇನ್ನೂ ನಾಲ್ಕೈದು ಮನೆಗಳಲ್ಲಿ ಇದೇ ಚೀಟಿ ಇತ್ತು. ಅದನ್ನು ಹೇಗೆ ಓದಬೇಕು ಅನ್ನುವುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ.

ತಪಾಸಣೆ ಬೇರೆ, ರೋಗ ಇದೆ ಅಂತ ತೀರ್ಮಾನ ಮಾಡುವುದು ಬೇರೆ

ಡೈರಿಗೆ ಹಾಲು ಹಾಕುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೆಳಿಗ್ಗೆ ಕ್ಯಾನು ತಂದವರ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟು ನೋಡುತ್ತಾರೆ. ಅರ್ಧ ನಿಮಿಷದ ಕೆಲಸ. ಅಳತೆ ಸರಿಯಿದ್ದರೆ ಹಾಲು ಮುಂದಕ್ಕೆ ಹೋಗುತ್ತದೆ. ಸರಿಯಿಲ್ಲದಿದ್ದರೆ ಪಕ್ಕಕ್ಕಿಡುತ್ತಾರೆ. ನೀರು ಬೆರೆತಿದೆಯೋ, ಹಸುವಿಗೆ ಮೇವು ಸಾಲದೆ ಹಾಗಾಗಿದೆಯೋ ಅಂತ ಆ ಕಡ್ಡಿ ಹೇಳುವುದಿಲ್ಲ. ಅದಕ್ಕೆ ಬೇರೆ ಪರೀಕ್ಷೆ ಆಗಬೇಕು.

ಶಾಲೆಯ ತಪಾಸಣೆಯೂ ಹೀಗೆಯೇ. ಒಂದು ದಿನದಲ್ಲಿ ಎಷ್ಟೋ ಮಕ್ಕಳನ್ನು ನೋಡಬೇಕು. ಒಂದು ಮಗುವಿಗೆ ಸಿಗುವುದು ಕೆಲವೇ ನಿಮಿಷ. ಬೆಳಕಿಗೆ ಟಾರ್ಚು ಇರುತ್ತದೆ, ಎಕ್ಸ್‌ರೇ ಇರುವುದಿಲ್ಲ. ಹಾಗಾಗಿ ಚೀಟಿ ಬಂದರೆ 'ಈ ಮಗುವನ್ನು ಇನ್ನೊಮ್ಮೆ ಸರಿಯಾಗಿ ನೋಡಬೇಕು' ಅಂತ ಅರ್ಥ. ಆಸ್ಪತ್ರೆಗೆ ಹೋದಾಗ ಏನೂ ಇಲ್ಲ ಅಂತಲೂ ಆಗಬಹುದು. ಹಾಗೆಯೇ ಚೀಟಿ ಬರದ ಮಗುವಿನ ಎರಡು ಹಲ್ಲುಗಳ ಸಂದಿಯಲ್ಲಿ ಹುಳುಕು ಅಡಗಿರಬಹುದು. ಟಾರ್ಚಿನ ಬೆಳಕಿಗೆ ಅದು ಕಾಣುವುದಿಲ್ಲ.

ಗಾಡಿ ಬಂದು ಹೋದರೆ ಅರ್ಧ ಕೆಲಸ ಆದ ಹಾಗೆ. ಉಳಿದ ಅರ್ಧ ಚೀಟಿ ಹಿಡಿದುಕೊಂಡು ನಾವು ಮಾಡಬೇಕಾದದ್ದು. ನಾನು ಕಂಡಂತೆ ತಪ್ಪುವುದು ಅಲ್ಲೇ.

ಬರುವವರು ಯಾರು?

ಇದರ ಹೆಸರು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಆರ್‌ಬಿಎಸ್‌ಕೆ ಅಂತ ಕರೆಯುತ್ತಾರೆ. 2013ರಲ್ಲಿ ಶುರುವಾಯಿತು. ಹುಟ್ಟಿದ ಮಗುವಿನಿಂದ ಹಿಡಿದು 18 ವರ್ಷದವರೆಗಿನವರಿಗೆ ಇದು ಅನ್ವಯ. ನಿಯಮದ ಪ್ರಕಾರ ಒಂದು ತಂಡದಲ್ಲಿ ಇಬ್ಬರು ಆಯುಷ್ ಡಾಕ್ಟರು, ಒಬ್ಬರು ನರ್ಸು, ಒಬ್ಬರು ಫಾರ್ಮಸಿಸ್ಟ್ ಇರಬೇಕು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಮತ್ತು ಅನುದಾನಿತ ಶಾಲೆಗೆ ವರ್ಷಕ್ಕೆ ಒಂದು ಸಲ ಬರಬೇಕು.

ಅವರು ಹುಡುಕುವುದು ನಾಲ್ಕು ಬಗೆಯ ತೊಂದರೆ. ಸೀಳು ತುಟಿಯಂಥ ಹುಟ್ಟಿನಿಂದಲೇ ಬಂದ ದೋಷ ಒಂದು. ರಕ್ತ ಕಮ್ಮಿ ಇರುವುದು, ತೂಕ ಕಮ್ಮಿ ಇರುವುದರಂಥ ಕೊರತೆ ಇನ್ನೊಂದು. ಮೂರನೆಯದು ಕಾಯಿಲೆ: ಚರ್ಮದ ತುರಿಕೆ, ಕಿವಿ ಸೋರುವುದು, ಹೃದಯದ ತೊಂದರೆ, ಹಲ್ಲಿನ ಹುಳುಕು ಇದರಲ್ಲಿ ಬರುತ್ತವೆ. ಕೊನೆಯದು ಮಾತು, ನಡಿಗೆ, ಕಲಿಕೆಯಲ್ಲಿ ಮಗು ಹಿಂದೆ ಬೀಳುವುದು. ಏನಾದರೂ ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ತಾಲ್ಲೂಕು ಆಸ್ಪತ್ರೆಗೋ, ಜಿಲ್ಲಾ ಆಸ್ಪತ್ರೆಗೋ ಕಳಿಸುತ್ತಾರೆ. ಈ ಕಾರ್ಯಕ್ರಮದಡಿ ಕಳಿಸಿದ ಮಗುವಿಗೆ ಚಿಕಿತ್ಸೆ ಉಚಿತ.

ಕಣ್ಣು, ರಕ್ತ, ತೂಕ

ಕಣ್ಣಿನ ಪರೀಕ್ಷೆಗೆ ಗೋಡೆಗೆ ಅಕ್ಷರದ ಪಟ್ಟಿ ನೇತುಹಾಕಿ ಮಗುವನ್ನು 6 ಮೀಟರ್ ದೂರ ನಿಲ್ಲಿಸುತ್ತಾರೆ. ಚೀಟಿಯಲ್ಲಿ 6/6 ಅಂತಿದ್ದರೆ ದೂರದ ನೋಟ ಸರಿಯಿದೆ. 6/12 ಅಂತಿದ್ದರೆ, ಬೇರೆಯವರು 12 ಮೀಟರ್ ದೂರದಿಂದ ಓದುವ ಸಾಲನ್ನು ಈ ಮಗು 6 ಮೀಟರಿಗೆ ಬಂದು ಓದುತ್ತಿದೆ ಅಂತ ಅರ್ಥ. ಕಣ್ಣು ಮಂಜಾಗಿದೆ ಅಂತ ಮಕ್ಕಳು ತಾವಾಗಿ ಹೇಳುವುದು ಕಮ್ಮಿ. ಎಲ್ಲರಿಗೂ ಬೋರ್ಡು ಹೀಗೇ ಕಾಣುತ್ತದೆ ಅಂತ ಅವರು ಅಂದುಕೊಂಡಿರುತ್ತಾರೆ. ಪಕ್ಕದವರ ಪುಸ್ತಕ ನೋಡಿ ಬರೆಯುವ ಮಗುವನ್ನು ಬೈಯುವ ಮೊದಲು ಒಮ್ಮೆ ಕಣ್ಣು ತೋರಿಸುವುದು ಒಳ್ಳೆಯದು.

ರಕ್ತ ಕಮ್ಮಿ ಅನ್ನುವುದನ್ನು ಕಣ್ಣಿನ ಕೆಳರೆಪ್ಪೆ, ಅಂಗೈ, ಉಗುರು ಬಿಳಚಿಕೊಂಡಿರುವುದರಿಂದ ಅನುಮಾನಿಸುತ್ತಾರೆ. ಗಟ್ಟಿಯಾಗಿ ಹೇಳಲು ಹಿಮೋಗ್ಲೋಬಿನ್ ಅಳೆಯಬೇಕು. 100 ಮಿಲಿಲೀಟರ್ ರಕ್ತದಲ್ಲಿ ಅದು 5ರಿಂದ 11 ವರ್ಷದ ಮಕ್ಕಳಲ್ಲಿ 11.5 ಗ್ರಾಂಗಿಂತ, 12ರಿಂದ 14 ವರ್ಷದವರಲ್ಲಿ 12 ಗ್ರಾಂಗಿಂತ ಕಮ್ಮಿ ಇದ್ದರೆ ರಕ್ತಹೀನತೆ. ಶಾಲೆಯಲ್ಲಿ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಕೊಡುವುದು ಇದಕ್ಕೇ. ಚಿಕ್ಕ ಮಕ್ಕಳಿಗೆ ಗುಲಾಬಿ ಬಣ್ಣದ್ದು, 10 ವರ್ಷ ದಾಟಿದವರಿಗೆ ನೀಲಿ ಬಣ್ಣದ್ದು. ಊಟ ಆದ ಮೇಲೆ ನುಂಗಬೇಕು. ಮಲ ಕಪ್ಪಗಾದರೆ ಗಾಬರಿ ಬೇಡ, ಮಾತ್ರೆಯಲ್ಲಿರುವ ಕಬ್ಬಿಣದಿಂದ ಹಾಗಾಗುತ್ತದೆ. ಜಂತುಹುಳದ ಮಾತ್ರೆಯನ್ನೂ ಇದರ ಜೊತೆಗೇ ನೋಡಬೇಕು. ಹೊಟ್ಟೆಯೊಳಗೆ ಹುಳ ಇದ್ದರೆ ತಿಂದದ್ದು ಮೈಗೆ ಹತ್ತುವುದಿಲ್ಲ. ಊಟದ ಜೊತೆಗೇ ಟೀ ಕುಡಿದರೆ ಕಬ್ಬಿಣಾಂಶ ಹೀರಿಕೊಳ್ಳುವುದು ಕಮ್ಮಿಯಾಗುತ್ತದೆ. ಸೊಪ್ಪಿನ ಸಾರಿಗೆ ನಿಂಬೆಹುಳಿ ಹಿಂಡಿಕೊಂಡರೆ ಜಾಸ್ತಿಯಾಗುತ್ತದೆ.

ತೂಕ, ಎತ್ತರ ಒಂದು ವರ್ಷದ್ದು ನೋಡಿದರೆ ಅಷ್ಟೇನೂ ತಿಳಿಯದು. ಹೋದ ವರ್ಷದ ಚೀಟಿಯ ಪಕ್ಕದಲ್ಲಿಟ್ಟು ನೋಡಿದರೆ ಮಗು ಬೆಳೆಯುತ್ತಿದೆಯೋ, ನಿಂತಲ್ಲೇ ನಿಂತಿದೆಯೋ ಗೊತ್ತಾಗುತ್ತದೆ.

ಹಲ್ಲು ಹುಳುಕಾಗುವುದು ಹೇಗೆ?

ನಾವು ಹುಳುಕು ಅನ್ನುತ್ತೇವೆ. ಬಾಗೇಪಲ್ಲಿ, ಮುಳಬಾಗಿಲು ಕಡೆ ಮನೆಯಲ್ಲಿ ತೆಲುಗು ಆಡುವವರು ಪಿಪ್ಪಿ ಪನ್ನು ಅನ್ನುತ್ತಾರೆ. ಹುಳ ಹಲ್ಲು ತಿನ್ನುತ್ತದೆ ಅನ್ನುವ ನಂಬಿಕೆ ಇನ್ನೂ ಇದೆ. ಹಲ್ಲೊಳಗೆ ಯಾವ ಹುಳವೂ ಇರುವುದಿಲ್ಲ. ಜಾತ್ರೆಯಲ್ಲಿ ಹುಳ ತೆಗೆದು ತೋರಿಸುವವರ ಕೈಗೆ ಮಗುವಿನ ಬಾಯಿ ಕೊಡಬೇಡಿ.

ಆಗುವುದು ಇಷ್ಟು. ನಮ್ಮ ಬಾಯಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ಇರುತ್ತವೆ. ಹೆಪ್ಪು ಹಾಕಿದ ಹಾಲು ಹುಳಿಯಾಗುತ್ತದಲ್ವಾ? ಅದೂ ಬ್ಯಾಕ್ಟೀರಿಯಾ ಮಾಡುವ ಕೆಲಸವೇ. ಹಾಲಿನ ಸಕ್ಕರೆಯನ್ನು ಅವು ಹುಳಿ ಮಾಡುತ್ತವೆ. ಹಲ್ಲಿನ ಮೇಲೆ ಅಂಟಿಕೊಂಡಿರುವವು ನಾವು ತಿಂದ ಬಿಸ್ಕತ್ತು, ಪೆಪ್ಪರ್‌ಮೆಂಟಿನ ಸಕ್ಕರೆಯನ್ನು ಹುಳಿ ಮಾಡುತ್ತವೆ. ಈ ಹುಳಿ ಹಲ್ಲಿನ ಹೊರಪದರವಾದ ಎನಾಮೆಲ್‌ನಿಂದ ಸುಣ್ಣದಂಶವನ್ನು ಕರಗಿಸುತ್ತದೆ. ಸುಮಾರು ಅರ್ಧ ಗಂಟೆಯಲ್ಲಿ ಎಂಜಲು ಆ ಹುಳಿಯನ್ನು ತೊಳೆದು, ಕಳೆದುಹೋದ ಸುಣ್ಣವನ್ನು ಸ್ವಲ್ಪ ಸ್ವಲ್ಪವೇ ವಾಪಸ್ ಕೂರಿಸುತ್ತದೆ. ದಿನವಿಡೀ ಬಾಯಲ್ಲಿ ಈ ಕರಗಿಸುವ ಕೆಲಸ, ತುಂಬುವ ಕೆಲಸ ಎರಡೂ ನಡೆಯುತ್ತಲೇ ಇರುತ್ತವೆ.

ಹಾಗಾಗಿ ಎಷ್ಟು ಸಿಹಿ ತಿಂದರು ಅನ್ನುವುದರ ಜೊತೆಗೆ ಎಷ್ಟು ಸಲ ತಿಂದರು ಅನ್ನುವುದನ್ನೂ ಲೆಕ್ಕ ಹಾಕಬೇಕು. ಹಬ್ಬದ ದಿನ ಊಟದ ಜೊತೆ ಎರಡು ಒಬ್ಬಟ್ಟು ತಿಂದ ಮಗುವಿಗೆ ಹುಳಿಯ ದಾಳಿ ಒಂದು ಸಲ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೊಂದೇ ಪೆಪ್ಪರ್‌ಮೆಂಟ್ ಚೀಪುವ ಮಗುವಿಗೆ ಹತ್ತು ಸಲ. ತುಂಬಿಸಲು ಎಂಜಲಿಗೆ ಬಿಡುವೇ ಸಿಗುವುದಿಲ್ಲ. ಇನ್ನು ನಿದ್ದೆಯಲ್ಲಿ ಎಂಜಲು ಬರುವುದೇ ಕಮ್ಮಿ. ರಾತ್ರಿ ಹಲ್ಲುಜ್ಜಿಸದೆ ಮಲಗಿಸಿದರೆ, ಬಾಟಲಿ ಹಾಲು ಬಾಯಲ್ಲೇ ಇಟ್ಟು ಮಲಗಿಸಿದರೆ ಹಲ್ಲು ಬೇಗ ಹಾಳಾಗುವುದು ಇದಕ್ಕೇ.

ಮೊದಲು ಹಲ್ಲಿನ ಮೇಲೆ ಸುಣ್ಣದಂಥ ಮಾಸಲು ಬಿಳಿ ಮಚ್ಚೆ ಕಾಣುತ್ತದೆ. ಈ ಹಂತದಲ್ಲಿ ಹಿಡಿದರೆ ತೂತು ಬೀಳದಂತೆ ತಡೆಯಬಹುದು. ಆಮೇಲೆ ಸಣ್ಣ ತೂತು, ಒಳಗಿನ ಮೆತ್ತನೆಯ ಪದರಕ್ಕೆ ಹೋದರೆ ತಣ್ಣೀರು ಕುಡಿದಾಗ ಜುಮ್ಮೆನ್ನುವುದು. ನರ ಮುಟ್ಟಿದರೆ ರಾತ್ರಿ ನಿದ್ದೆ ಕೆಡಿಸುವ ನೋವು. ಅಲ್ಲಿಂದ ಮುಂದೆ ಕೀವು, ಕೆನ್ನೆ ಊತ. ಎನಾಮೆಲ್‌ನಲ್ಲಿ ನರವೂ ಇಲ್ಲ, ರಕ್ತವೂ ಇಲ್ಲ. ಅದಕ್ಕೇ ಮೊದಲ ಹಂತದಲ್ಲಿ ನೋವಿರುವುದಿಲ್ಲ, ತೂತು ಬಿದ್ದ ಮೇಲೆ ಗಾಯದ ಹಾಗೆ ತಾನಾಗಿ ಕೂಡುವುದೂ ಇಲ್ಲ. ನೋವು ಬಂದಾಗ ತೋರಿಸೋಣ ಅಂತ ಕಾಯುವುದು ಅಂದರೆ ಹುಳುಕು ನರದ ತನಕ ಹೋಗಲಿ ಅಂತ ಕಾದ ಹಾಗೆ.

'ಹಾಲು ಹಲ್ಲು ತಾನೆ' ಅನ್ನುವ ಮಾತು

ಹಾಲು ಹಲ್ಲು ಒಟ್ಟು 20. ಅವು ಬೀಳಲು ಶುರುವಾಗುವುದು 6ನೇ ವರ್ಷದ ಆಸುಪಾಸು. ಆದರೆ ಹಿಂದಿನ ಹಾಲು ದವಡೆ ಹಲ್ಲುಗಳು 10ರಿಂದ 12 ವರ್ಷದವರೆಗೂ ಬಾಯಲ್ಲಿರಬೇಕು. ಐದನೇ ವರ್ಷಕ್ಕೇ ಅದು ಹುಳುಕಾದರೆ ಮಗು ಇನ್ನೂ ಐದಾರು ವರ್ಷ ಅದೇ ಹಲ್ಲಿನಲ್ಲಿ ಅಗಿಯಬೇಕು. ಅದು ಕೆಳಗೆ ಬರುವ ಹಲ್ಲಿಗೆ ಜಾಗ ಹಿಡಿದುಕೊಂಡಿರುತ್ತದೆ. ಬಸ್ಸಿನ ಸೀಟಿಗೆ ಟವಲು ಹಾಕಿದ ಹಾಗೆ. ಟವಲು ತೆಗೆದರೆ ಪಕ್ಕದವರು ಸರಿದು ಕೂರುತ್ತಾರೆ, ಬರಬೇಕಾದ ಹಲ್ಲು ಓರೆಯಾಗಿ ಬರುತ್ತದೆ.

ನಾವು ಮಾಡಿದ ತಪ್ಪು ಇನ್ನೊಂದು. ಸುಮಾರು 6 ವರ್ಷಕ್ಕೆ ಹಾಲು ಹಲ್ಲುಗಳ ಹಿಂದೆ, ಬಾಯಿಯ ಕೊನೆಯಲ್ಲಿ, ಒಂದು ಹೊಸ ದವಡೆ ಹಲ್ಲು ಹುಟ್ಟುತ್ತದೆ. ಮೇಲೆ ಎರಡು, ಕೆಳಗೆ ಎರಡು. ಅದಕ್ಕಾಗಿ ಯಾವ ಹಲ್ಲೂ ಬಿದ್ದಿರುವುದಿಲ್ಲ. ಹಾಗಾಗಿ ಮನೆಯವರು ಇದನ್ನೂ ಹಾಲು ಹಲ್ಲು ಅಂದುಕೊಳ್ಳುತ್ತಾರೆ. ಇದು ಶಾಶ್ವತ ಹಲ್ಲು. ಹೋದರೆ ಮತ್ತೆ ಬರುವುದಿಲ್ಲ. ಇದರ ಮೇಲೆ ಆಳವಾದ ಗೀರುಗಳಿರುತ್ತವೆ, ಅನ್ನದ ಅಗುಳು, ಬಿಸ್ಕತ್ತು ಅಲ್ಲೇ ಕೂರುತ್ತವೆ. ಪುಟ್ಟ ಕೈಗೆ ಬ್ರಷ್ಷು ಅಲ್ಲಿವರೆಗೆ ಎಟಕುವುದಿಲ್ಲ. ನನ್ನ ಮಗಳ ಚೀಟಿಯಲ್ಲಿದ್ದದ್ದು ಇದೇ ಹಲ್ಲು. ನಿಮ್ಮ ಮನೆಯಲ್ಲಿ 6ರಿಂದ 8 ವರ್ಷದ ಮಗು ಇದ್ದರೆ ಇವತ್ತೇ ಮೊಬೈಲ್ ಟಾರ್ಚು ಹಾಕಿ ಬಾಯಿಯ ಹಿಂಭಾಗ ನೋಡಿ. ಹುಳುಕು ಬರುವ ಮುಂಚೆ ದಂತ ವೈದ್ಯರು ಆ ಗೀರುಗಳನ್ನು ತೆಳ್ಳಗೆ ಮುಚ್ಚಿಬಿಡಬಹುದು. ಸೀಲೆಂಟ್ ಅನ್ನುತ್ತಾರೆ. ಸೂಜಿ ಇಲ್ಲ, ಕೊರೆಯುವುದಿಲ್ಲ.

ಕಂದು ಗೆರೆ: ಇದು ಕೊಳೆಯಲ್ಲ

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ಈ ಮೂರೂ ಜಿಲ್ಲೆಗಳಿಗೆ ತುಂಬಾ ಹತ್ತಿರದ ವಿಷಯ ಇದು. ಪಾವಗಡ, ಬಾಗೇಪಲ್ಲಿ, ಮುಳಬಾಗಿಲು ಕಡೆಯ ಎಷ್ಟೋ ಹಳ್ಳಿಗಳಲ್ಲಿ ಮಕ್ಕಳು ನಕ್ಕರೆ ಮುಂದಿನ ಹಲ್ಲಿನಲ್ಲಿ ಬಿಳಿ ಅಥವಾ ಕಂದು ಅಡ್ಡಗೆರೆ ಕಾಣುತ್ತದೆ. ಹಲ್ಲುಜ್ಜುವುದಿಲ್ಲ ಅಂತ ಮನೆಯಲ್ಲಿ ಬೈಯುತ್ತಾರೆ. ಮಗು ಬಾಯಿಗೆ ಕೈ ಅಡ್ಡ ಹಿಡಿದು ನಗಲು ಕಲಿಯುತ್ತದೆ. ಇದು ನೋಡಲು ಸಂಕಟವಾಗುತ್ತದೆ, ಯಾಕೆಂದರೆ ಮಗುವಿನ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ.

ಇದರ ಹೆಸರು ಫ್ಲೋರೋಸಿಸ್. ಫ್ಲೋರೈಡ್ ಅನ್ನುವ ಲವಣ ಕುಡಿಯುವ ನೀರಿನಲ್ಲಿ ಜಾಸ್ತಿಯಾದರೆ ಬರುತ್ತದೆ. ನಮ್ಮ ನೆಲದಡಿ ಇರುವುದು ಗಟ್ಟಿ ಕಲ್ಲು. ಆ ಕಲ್ಲಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಕಲ್ಲಿನ ಬಿರುಕಿನಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ಕರಗಿ ಸೇರುತ್ತದೆ. ವರ್ಷವಿಡೀ ಹರಿಯುವ ಹೊಳೆ ನಮ್ಮಲ್ಲಿಲ್ಲ. ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ಬೋರು ಸಾವಿರ ಅಡಿ ದಾಟಿತು. ಆಳದಿಂದ ಎತ್ತುವ ಹಳೆಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಹೀಗೆ.

ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಮಿತಿ. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ. ಸಾವಿರ ಲೀಟರಿನ ಟ್ಯಾಂಕಿಗೆ 1 ಗ್ರಾಂ, ಅಂದರೆ ಎರಡು ಬೆರಳ ತುದಿಯಲ್ಲಿ ಎತ್ತುವ ಒಂದು ಚಿಟಿಕೆ ಅಂದುಕೊಳ್ಳಿ. ಅಷ್ಟೇ ವ್ಯತ್ಯಾಸ ಹಲ್ಲಿಗೆ ಗೊತ್ತಾಗುತ್ತದೆ. ನೀರಿನ ಬಣ್ಣ, ವಾಸನೆ, ರುಚಿ ಯಾವುದರಲ್ಲೂ ನಮಗೆ ಗೊತ್ತಾಗುವುದಿಲ್ಲ.

ಎನಾಮೆಲ್ ತಯಾರಾಗುವುದು ಹಲ್ಲು ಒಸಡಿನ ಒಳಗಿರುವಾಗ. ಶಾಶ್ವತ ಹಲ್ಲುಗಳ ಮಟ್ಟಿಗೆ ಇದು ಹೆಚ್ಚುಕಮ್ಮಿ ಹುಟ್ಟಿನಿಂದ 8 ವರ್ಷದವರೆಗಿನ ಕೆಲಸ. ಆಗ ಫ್ಲೋರೈಡ್ ಜಾಸ್ತಿ ಹೋದರೆ ಎನಾಮೆಲ್ ಗಟ್ಟಿಯಾಗಿ ಕೂರದೆ, ಅಲ್ಲಲ್ಲಿ ಸಣ್ಣ ರಂಧ್ರ ಉಳಿದುಬಿಡುತ್ತದೆ. ಗೋಡೆಯ ಗಾರೆ ಹದವಾಗಿ ಕೂರದಿದ್ದರೆ ಆಮೇಲೆ ಕಲೆ ಹಿಡಿಯುತ್ತದಲ್ವಾ, ಹಾಗೆ. ಹತ್ತು ವರ್ಷದ ಮಗುವಿನ ಮುಂದಿನ ಹಲ್ಲಿನ ಗೆರೆ, ಅದು ಎರಡು ಮೂರು ವರ್ಷದ್ದಾಗಿದ್ದಾಗ ಕುಡಿದ ನೀರಿನ ಗುರುತು. ಎನಾಮೆಲ್ ತಯಾರಾದ ಮೇಲೆ ಹೊಸದಾಗಿ ಈ ಗೆರೆ ಬರುವುದಿಲ್ಲ. ಆದರೆ ಇಂಥ ನೀರನ್ನೇ ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲುಗಳಿಗೆ ತೊಂದರೆ. ಬೆನ್ನು ಬಗ್ಗಿಸಲಾಗದ ಅಜ್ಜಂದಿರನ್ನು ಈ ಊರುಗಳಲ್ಲಿ ಕಂಡವರಿದ್ದಾರೆ.

ಕೊಳೆಗೂ ಇದಕ್ಕೂ ವ್ಯತ್ಯಾಸ ಹೇಗೆ? ಫ್ಲೋರೈಡ್ ಗೆರೆ ಸಾಮಾನ್ಯವಾಗಿ ಎಡ, ಬಲ ಎರಡೂ ಕಡೆಯ ಅದೇ ಹಲ್ಲಿನಲ್ಲಿ ಜೋಡಿಯಾಗಿ ಇರುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಇದ್ದಿಲು, ಇಟ್ಟಿಗೆ ಪುಡಿ, ಮರಳು ಹಾಕಿ ತಿಕ್ಕಿದರೆ ಇರುವ ಎನಾಮೆಲ್ಲೂ ಸವೆಯುತ್ತದೆ. ದಂತ ವೈದ್ಯರು ಕಲೆಯನ್ನು ತಿಳಿಯಾಗಿಸಬಹುದು, ಹಲ್ಲಿನ ಬಣ್ಣದ ಲೇಪನ ಹಾಕಬಹುದು. ಅದಕ್ಕೆ ಅವಸರವಿಲ್ಲ. ಅವಸರ ಇರುವುದು ನೀರು ಬದಲಿಸುವುದಕ್ಕೆ.

ಕುದಿಸಿದರೆ ಹೋಗುವುದಿಲ್ಲವೇ?

ಹೋಗುವುದಿಲ್ಲ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಹಾಗೇ ಉಳಿಯುತ್ತದೆ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಅದು ಇನ್ನೂ ಗಾಢವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಕ್ಯಾಂಡಲ್ ಫಿಲ್ಟರ್ ಇಟ್ಟರೂ ಅಷ್ಟೇ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿರುವ ಆರ್‌ಒ ಯಂತ್ರ ಇದನ್ನು ತೆಗೆಯುತ್ತದೆ, ಒಳಗಿನ ಪೊರೆಯನ್ನು ಕಾಲಕಾಲಕ್ಕೆ ಬದಲಿಸಿದ್ದರೆ. ಚಾವಣಿಯಿಂದ ಹಿಡಿದ ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಮ್ಮಿ.

ಒಂದು ಕಡೆ ನಾವೆಲ್ಲ ಎಡವುತ್ತೇವೆ. ಕುಡಿಯಲು ಘಟಕದಿಂದ ತಂದ ಕ್ಯಾನು ನೀರು, ಅಡುಗೆಗೆ ಬೋರಿನ ನೀರು. ಮುದ್ದೆಗೆ ಇಟ್ಟ ಎಸರು, ಬೇಳೆ ಬೇಯಿಸಿದ ನೀರು, ಸಾರು, ಟೀ ಎಲ್ಲದರಲ್ಲೂ ಆ ಫ್ಲೋರೈಡ್ ಹೊಟ್ಟೆಗೆ ಹೋಗುತ್ತದೆ. ಎಲ್ಲ ಅಡುಗೆಗೂ ಆಗದಿದ್ದರೆ ಚಿಕ್ಕ ಮಕ್ಕಳ ಅಡುಗೆಗಾದರೂ ಘಟಕದ ನೀರು ಇಡಿ. ಒಂದೇ ಊರಿನ ಎರಡು ಬೋರುಗಳಲ್ಲಿ ಫ್ಲೋರೈಡ್ ಬೇರೆ ಬೇರೆ ಇರಬಹುದು. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆ ಮಾಡಿಸಿಕೊಡಿ ಅಂತ ಕೇಳಿ.

ಹಾಗಾದರೆ ಫ್ಲೋರೈಡ್ ಪೇಸ್ಟ್ ಯಾಕೆ?

ಇದು ಎಲ್ಲರಿಗೂ ಬರುವ ಗೊಂದಲ. ಉಪ್ಪಿನ ಹಾಗೆ ನೋಡಿ. ಚಿಟಿಕೆ ಬಿದ್ದರೆ ರುಚಿ, ಹಿಡಿ ಬಿದ್ದರೆ ಸಾರು ಹಾಳು. ಬಾಯಿಗೆ ಬಂದಿರುವ ಹಲ್ಲಿನ ಮೇಲೆ ಸ್ವಲ್ಪ ಫ್ಲೋರೈಡ್ ತಾಗಿದರೆ, ಎಂಜಲು ಸುಣ್ಣ ತುಂಬುವ ಕೆಲಸ ಚುರುಕಾಗುತ್ತದೆ, ಹುಳುಕು ಕಮ್ಮಿಯಾಗುತ್ತದೆ. ತೊಂದರೆ ಕೊಡುವುದು ಹಲ್ಲು ತಯಾರಾಗುವ ವಯಸ್ಸಿನಲ್ಲಿ ನುಂಗಿದ ಹೆಚ್ಚುವರಿ ಫ್ಲೋರೈಡ್. ಹಾಗಾಗಿ ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆರು ವರ್ಷದವರೆಗೆ ಬಟಾಣಿ ಕಾಳಿನಷ್ಟು ಪೇಸ್ಟು ಸಾಕು. ನುಂಗದೆ ಉಗಿಯಬೇಕು. ಜಾಹೀರಾತಿನಲ್ಲಿ ಬ್ರಷ್ಷಿನ ಉದ್ದಕ್ಕೂ ಹಾಕುತ್ತಾರಲ್ಲ, ಅಷ್ಟು ಯಾರಿಗೂ ಬೇಡ. ನಿಮ್ಮೂರ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದು, ಮಗು ಪೇಸ್ಟು ನುಂಗುತ್ತಿದ್ದರೆ ದಂತ ವೈದ್ಯರ ಹತ್ತಿರ ಅದನ್ನು ಹೇಳಿ ಕೇಳಿ. ಏಳೆಂಟು ವರ್ಷದವರೆಗೆ ರಾತ್ರಿ ಹಲ್ಲುಜ್ಜುವಾಗ ದೊಡ್ಡವರ ಕೈ ಜೊತೆಗಿರಲಿ.

ಬಾಯಿಯ ತೊಂದರೆ ಮೈಗೆ ಹೇಗೆ ತಾಗುತ್ತದೆ?

ಹಲ್ಲು ನೋಯುವ ಮಗು ಒಂದೇ ಕಡೆ ಅಗಿಯುತ್ತದೆ. ಗಟ್ಟಿ ತರಕಾರಿ, ಕಾಳು ಬಿಟ್ಟು ಮೆತ್ತನೆಯ ಬನ್ನು, ಬಿಸ್ಕತ್ತು ಕೇಳುತ್ತದೆ. ಅದರಿಂದ ಹುಳುಕು ಇನ್ನೂ ಜಾಸ್ತಿ, ತೂಕ ಇನ್ನೂ ಕಮ್ಮಿ. ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಶಾಲೆ ತಪ್ಪುತ್ತದೆ, ಹೋದರೂ ಪಾಠದಲ್ಲಿ ಗಮನವಿರುವುದಿಲ್ಲ. ಒಂದೇ ಚೀಟಿಯಲ್ಲಿ 'ತೂಕ ಕಮ್ಮಿ' ಮತ್ತು 'ಹಲ್ಲು ಹುಳುಕು' ಎರಡೂ ಇದ್ದರೆ ಅವನ್ನು ಸೇರಿಸಿಯೇ ನೋಡಬೇಕು.

ಹೃದಯದ ತೊಂದರೆ ಇರುವ ಮಗುವಾದರೆ ಇನ್ನೂ ಎಚ್ಚರ ಬೇಕು. ಹಲ್ಲಿನ ಬುಡದ ಸೋಂಕಿನಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿ ಹೃದಯದ ಒಳಪದರದಲ್ಲಿ ನೆಲೆಯೂರಬಹುದು. ಹಲ್ಲು ಕೀಳಿಸುವ ಮೊದಲೇ ದಂತ ವೈದ್ಯರಿಗೆ ಹೃದಯದ ವಿಷಯ ಹೇಳಲೇಬೇಕು.

ಚೀಟಿ ಬಂದ ಮೇಲೆ

ಕೆನ್ನೆ ಊದಿದ್ದರೆ, ಜೊತೆಗೆ ಜ್ವರ ಇದ್ದರೆ, ಬಾಯಿ ತೆರೆಯಲು ಅಥವಾ ನುಂಗಲು ಕಷ್ಟವಾದರೆ ಅವತ್ತೇ ಆಸ್ಪತ್ರೆಗೆ ಹೋಗಿ. ನೋವಿನ ಹಲ್ಲಿಗೆ ಕಡ್ಡಿಪುಡಿ ತುಂಬುವುದನ್ನು ಹಳ್ಳಿಗಳಲ್ಲಿ ಮಾಡುತ್ತಾರೆ. ಅದು ಹೊಗೆಸೊಪ್ಪು, ಮಗುವಿನ ಬಾಯಿಗೆ ಬೇಡವೇ ಬೇಡ. ಮಾತ್ರೆಯನ್ನು ಪುಡಿ ಮಾಡಿ ಒಸಡಿಗೆ ಇಟ್ಟರೆ ಒಸಡು ಸುಡುತ್ತದೆ.

ಊತ, ನೋವು ಇಲ್ಲದಿದ್ದರೂ ತಿಂಗಳುಗಟ್ಟಲೆ ಬಿಡಬೇಡಿ. ತಾಲ್ಲೂಕು ಆಸ್ಪತ್ರೆಯಲ್ಲಿ ದಂತ ವೈದ್ಯರು ಯಾವ ದಿನ, ಎಷ್ಟು ಹೊತ್ತಿಗೆ ಸಿಗುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನು ಮೊದಲೇ ಕೇಳಿಕೊಂಡರೆ ಒಂದು ದಿನದ ಕೂಲಿ ಸುಮ್ನೆ ಹೋಗುವುದು ತಪ್ಪುತ್ತದೆ. ಜಿಲ್ಲಾ ಆಸ್ಪತ್ರೆಗಳಿವೆ. ತುಮಕೂರಿನಲ್ಲಿ ಮತ್ತು ಕೆಜಿಎಫ್‌ನಲ್ಲಿ ದಂತ ವೈದ್ಯಕೀಯ ಕಾಲೇಜುಗಳೂ ಇವೆ. ಚೀಟಿ ತಪ್ಪದೆ ಜೊತೆಗಿರಲಿ. ಸಣ್ಣ ತೂತಾದರೆ ತುಂಬಿಸುತ್ತಾರೆ. ನರ ಮುಟ್ಟಿದ್ದರೆ ನರದ ಚಿಕಿತ್ಸೆ. ಹಲ್ಲು ಕೀಳಬೇಕು ಅಂದರೆ 'ಇದು ಹಾಲು ಹಲ್ಲೋ, ಶಾಶ್ವತ ಹಲ್ಲೋ? ಉಳಿಸಲು ಆಗುತ್ತದೆಯೇ? ಕಿತ್ತರೆ ಜಾಗ ಕಾಯಲು ಏನು ಮಾಡಬೇಕು?' ಅಂತ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವ ಪ್ರಶ್ನೆಗಳಲ್ಲ ಇವು.

ತಂಡ ಬಂದ ದಿನ ಮಗು ರಜೆ ಹಾಕಿದ್ದರೆ ಮೇಷ್ಟರಿಗೆ ಹೇಳಿ ಮುಂದಿನ ದಿನಾಂಕ ಕೇಳಬಹುದು. ಇಲ್ಲವೇ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಕರೆದುಕೊಂಡು ಹೋಗಬಹುದು.

ಮಗಳ ದವಡೆ ಹಲ್ಲನ್ನು ತುಂಬಿಸಿದ್ದಾಯಿತು, ಉಳಿಯಿತು. ಮುಂದಿನ ಹಲ್ಲಿನ ಗೆರೆ ನೋಡಿದ ಡಾಕ್ಟರಮ್ಮ ಅದರ ಬಗ್ಗೆ ಜಾಸ್ತಿ ಮಾತಾಡಲಿಲ್ಲ. 'ಮನೆಯಲ್ಲಿ ಇನ್ನೂ ಚಿಕ್ಕ ಮಗು ಇದೆಯಾ?' ಅಂತ ಕೇಳಿದರು. ಇದ್ದ, ಅಂಗನವಾಡಿಗೆ ಹೋಗುವ ಮೂರು ವರ್ಷದವನು. 'ಅವನ ಹಲ್ಲು ಈಗ ಒಳಗೆ ತಯಾರಾಗ್ತಾ ಇದೆ. ಅವನ ಅನ್ನ, ಸಾರು ಯಾವ ನೀರಲ್ಲಿ ಮಾಡ್ತೀರಿ?' ಅಂದರು. ಅವತ್ತು ಸಂಜೆಯಿಂದ ನಮ್ಮ ಮನೆಯಲ್ಲಿ ಅಡುಗೆಗೂ ಕ್ಯಾನು ನೀರೇ.